ಚರ್ಮದ ಆಕರಕೋಶಗಳು: ಒಂದು ಚಿಕಿತ್ಸೆಯ ಇತಿಹಾಸ

ಶರೀರವನ್ನು ಕುರಿತು ಆಲೋಚಿಸುವಾಗ ನಾವು ಹೃದಯವನ್ನು ನೆನೆಯುತ್ತೇವೆ, ಮಿದುಳನ್ನು ನೆನೆಯುತ್ತೇವೆ. ಚರ್ಮವನ್ನು ಮಾತ್ರ ಬರಿಯ ಹೊದಿಕೆಯೆಂದು ಬಗೆದು ಮರೆತುಬಿಡುತ್ತೇವೆ. ಆದರೆ ವಯಸ್ಕನೊಬ್ಬನ ಮೈಮೇಲೆ ಸುಮಾರು ಎರಡು ಚದರ ಮೀಟರಿನಷ್ಟು ಹರಡಿರುವ ಈ ಹೊದಿಕೆಯೇ ಒಳಗಿನ ನೀರು ಹೊರಗೆ ಹೋಗದಂತೆಯೂ ಹೊರಗಿನ ರೋಗಾಣು ಒಳಗೆ ನುಗ್ಗದಂತೆಯೂ ಹಗಲಿರುಳು ಕಾವಲಿದೆ. ಬೆಂಕಿಯ ಅನಾಹುತಕ್ಕೆ ಸಿಕ್ಕಿ ಚರ್ಮದ ಬಹುಭಾಗವನ್ನು ಕಳೆದುಕೊಂಡವರು ಉರಿಯಿಂದ ಪಾರಾಗಿ ಬಂದರೂ ನೀರಿನ ನಷ್ಟದಿಂದಲೋ ನಂಜಿನಿಂದಲೋ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಿದ್ದರು. ಅಂತಹವರಿಗೆ ಅವರದೇ ಚರ್ಮವನ್ನು ಹೊರಗೆ ಬೆಳೆಸಿ ಮರಳಿ ಕೊಡುವ ವಿದ್ಯೆಯೊಂದು ಕಳೆದ ಐವತ್ತು ವರ್ಷಗಳಲ್ಲಿ ರೂಪುಗೊಂಡಿದೆ. ಅದಕ್ಕೆ ಆಧಾರವಾದುದು ‘ಸ್ಟೆಮ್ ಸೆಲ್’ ಎಂದು ಹೆಸರಾಗಿರುವ ಆಕರಕೋಶ. ಈ ಹೆಸರು ಇಂದು ಜಾಹೀರಾತುಗಳಲ್ಲಿಯೂ ಧಾರಾಳವಾಗಿ ಬಳಕೆಯಾಗುತ್ತಿದೆ. ಹೆಸರಿನ ಹಿಂದಿರುವ ನಿಜವೆಷ್ಟು, ಆ ನಿಜವನ್ನು ಕಂಡುಕೊಂಡ ಬಗೆ ಯಾವುದು ಎಂಬುದನ್ನು ಕಾಲಕ್ರಮದಲ್ಲಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಚರ್ಮದ ರಚನೆಯನ್ನು ಅರಿಯಬೇಕು. ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ರಕ್ತನಾಳಗಳನ್ನೂ ನರಗಳನ್ನೂ ಒಳಗೊಂಡ ದಪ್ಪನಾದ ಒಳಚರ್ಮ ಒಂದು. ಅದರ ಮೇಲೆ ಕಾಗದದಷ್ಟು ತೆಳುವಾಗಿ ಹಾಸಿಕೊಂಡಿರುವ ಹೊರಚರ್ಮ ಇನ್ನೊಂದು. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶವು ಮೇಲೇರುತ್ತ ಗಟ್ಟಿಯಾಗುತ್ತ ಕೊನೆಗೆ ಹೊಟ್ಟಿನಂತೆ ಉದುರಿಹೋಗುತ್ತದೆ. ಹೀಗೆ ಸುಮಾರು ಒಂದು ತಿಂಗಳಿನಲ್ಲಿ ನಮ್ಮ ಹೊರಚರ್ಮವೆಲ್ಲ ಹೊಸದಾಗುತ್ತದೆ. ನಿತ್ಯವೂ ಇಷ್ಟೊಂದು ಕೋಶಗಳು ವ್ಯಯವಾಗುತ್ತಿದ್ದರೂ ಎಂಬತ್ತು ವರ್ಷಗಳ ಕಾಲ ಚರ್ಮ ಬರಿದಾಗದಿರುವುದು ಹೇಗೆ? ರೈತನು ಕಣಜದ ಧಾನ್ಯವನ್ನೆಲ್ಲ ಉಂಡು ಮುಗಿಸದೆ ಬಿತ್ತನೆಗೆಂದು ಒಂದು ಪಾಲನ್ನು ತೆಗೆದಿರಿಸುತ್ತಾನೆ. ಹಾಗೆಯೇ ಹೊರಚರ್ಮದ ತಳದಲ್ಲಿಯೂ ಕೂದಲಿನ ಬುಡದಲ್ಲಿಯೂ ಕೆಲವೇ ಕೋಶಗಳು ಬಿತ್ತನೆಯ ಬೀಜದಂತೆ ಉಳಿದಿರುತ್ತವೆ. ಅವು ಒಡೆದು ಇಬ್ಭಾಗವಾದಾಗ ತಮ್ಮಂತಹ ಕೋಶವನ್ನು ಉಳಿಸಿಕೊಂಡೇ ದುಡಿಯುವ ಕೋಶಗಳನ್ನು ಮೇಲಕ್ಕೆ ಕಳುಹಿಸುತ್ತವೆ. ಇವೇ ಆಕರಕೋಶಗಳು. ನೋಟಕ್ಕೆ ಇವು ನೆರೆಹೊರೆಯ ಕೋಶಗಳಿಂದ ಭಿನ್ನವಾಗಿ ಕಾಣುವುದಿಲ್ಲ. ಈ ಚರಿತ್ರೆಯ ಕಷ್ಟವೆಲ್ಲ ಇಲ್ಲಿಯೇ ಅಡಗಿದೆ ಎಂಬುದು ಮುಂದೆ ತಿಳಿದುಬರುತ್ತದೆ.

ಚರ್ಮವನ್ನು ಸ್ಥಳಾಂತರಿಸಿದ ಕಾಲ

ಚರ್ಮವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಕಲೆ ಭಾರತದಲ್ಲಿ ಅತಿ ಪ್ರಾಚೀನವಾದುದು. ಕತ್ತರಿಸಿಹೋದ ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿಕೊಂಡು, ಆ ಎಲೆಯ ಪ್ರಮಾಣಕ್ಕೆ ಕೆನ್ನೆಯ ಚರ್ಮವನ್ನು ಎತ್ತಿ ಮೂಗನ್ನು ರಚಿಸುವ ವಿಧಾನವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಈ ವಿದ್ಯೆ ಗ್ರಂಥದಲ್ಲಿಯೇ ಉಳಿದುಹೋಗಲಿಲ್ಲ. 1792ರಲ್ಲಿ ಮುಗಿದ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಕಡೆ, ಇಟ್ಟಿಗೆ ಮಾಡುವ ಕುಲದ ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟನು. ಅದನ್ನು ಕುರಿತ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಮೇತ ಪ್ರಕಟವಾಯಿತು. ಆ ವರದಿಯಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿ ಯಶಸ್ವಿಯಾದನು. ಪಾಶ್ಚಾತ್ಯರ ಆಧುನಿಕ ಚರ್ಮಶಸ್ತ್ರವಿದ್ಯೆಯ ಬೆಳವಣಿಗೆಯಲ್ಲಿ ಕನ್ನಡ ನೆಲದ ಒಂದು ಯುದ್ಧದ ನೆನಪು ಹೀಗೆ ಸೇರಿಕೊಂಡಿದೆ.

ಕಾವಸ್‌ಜಿಯ ಹಣೆಯ ಚರ್ಮ ಒಂದು ಅಂಚಿನಲ್ಲಿ ದೇಹಕ್ಕೆ ಅಂಟಿಕೊಂಡೇ ಇದ್ದುದರಿಂದ ಅದಕ್ಕೆ ರಕ್ತದ ಪೂರೈಕೆ ತಪ್ಪಿರಲಿಲ್ಲ. ಪೂರ್ತಿಯಾಗಿ ಬೇರ್ಪಡಿಸಿದ ಚರ್ಮದ ಚೂರು ಕೂಡ ಗಾಯದ ಮೇಲೆ ಬೇರೂರಬಲ್ಲುದೆಂಬುದನ್ನು 1869ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಲೂಯಿ ರೆವರ್ದಾನ್ ತೋರಿಸಿದನು. ಅಲ್ಲಿಂದ ಚರ್ಮದ ಕಸಿ ಆಸ್ಪತ್ರೆಗಳ ವಾಡಿಕೆಯ ಚಿಕಿತ್ಸೆಯಾಯಿತು. ಆದರೆ ಕಸಿಗೆ ಒಂದು ಮಿತಿಯಿತ್ತು. ಮೈಯ ಕಾಲುಭಾಗ ಸುಟ್ಟವನಿಗೆ ಉಳಿದ ಮುಕ್ಕಾಲು ಭಾಗದಿಂದ ಚರ್ಮ ತೆಗೆಯಬಹುದು. ಮೈಯೆಲ್ಲ ಸುಟ್ಟವನಿಗೆ ಎಲ್ಲಿಂದ ತೆಗೆಯುವುದು?

ಪರರ ಚರ್ಮವನ್ನು ಹಾಕಬಹುದಲ್ಲ ಎಂಬ ಆಲೋಚನೆ ಸಹಜವೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲ್ಯಾಸ್ಗೋ ನಗರದ ಆಸ್ಪತ್ರೆಯಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಇದನ್ನು ಪರೀಕ್ಷಿಸಿದರು. ಸುಟ್ಟಗಾಯದ ಮಹಿಳೆಯೊಬ್ಬಳಿಗೆ ಆಕೆಯ ಸೋದರನ ಚರ್ಮದ ಚೂರುಗಳನ್ನು ಕಸಿ ಮಾಡಿದಾಗ ಮೊದಲಿಗೆ ಅವು ಬೇರೂರಿದಂತೆ ತೋರಿ ಬಳಿಕ ನಾಶವಾದವು. ಎರಡನೆಯ ಬಾರಿ ಕಸಿ ಮಾಡಿದಾಗ ಇನ್ನೂ ಬೇಗ ನಾಶವಾದವು. ದೇಹವು ಪರಕೀಯ ಚರ್ಮವನ್ನು ಗುರುತಿಟ್ಟುಕೊಂಡು ಹೊರದೂಡುತ್ತದೆ ಎಂಬ ಸತ್ಯ 1943ರ ಅವರ ಪ್ರಬಂಧದಿಂದ ಖಚಿತವಾಯಿತು. ಈ ದಾರಿಯಲ್ಲಿ ಮುಂದುವರಿದ ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಶಾಶ್ವತವಾಗಿ ನಿಲ್ಲುವುದು ಸ್ವಂತ ಚರ್ಮವೊಂದೇ ಎಂದಾದ ಮೇಲೆ, ಸ್ವಂತ ಚರ್ಮವನ್ನು ಹೆಚ್ಚಿಸುವುದಲ್ಲದೆ ಬೇರೆ ಉಪಾಯವಿರಲಿಲ್ಲ.

ಚರ್ಮವನ್ನು ಬೆಳೆಸಿದ ಕಾಲ

ಆ ಉಪಾಯವನ್ನು ಕಂಡುಹಿಡಿದವರು ಚರ್ಮವೈದ್ಯರಾಗಿರಲಿಲ್ಲ. ಕಂಡುಹಿಡಿದಾಗ ಅವರು ಅದನ್ನು ಹುಡುಕುತ್ತಲೂ ಇರಲಿಲ್ಲ. 1925ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಜನಿಸಿದ ಹವರ್ಡ್ ಗ್ರೀನ್ ವೈದ್ಯಪದವೀಧರರಾದರೂ ಕೋಶಗಳ ಸ್ವಭಾವವನ್ನು ಅರಿಯುವುದರಲ್ಲಿಯೇ ತಮ್ಮ ಜೀವನವನ್ನು ತೊಡಗಿಸಿದ್ದರು. 1970ರ ದಶಕದಲ್ಲಿ ಅವರು ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ, ವಿದ್ಯಾರ್ಥಿಯಾಗಿದ್ದ ಜೇಮ್ಸ್ ರೈನ್‌ವಾಲ್ಡ್ ಅವರೊಡನೆ ಇಲಿಯ ಒಂದು ಬಗೆಯ ಗಡ್ಡೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಾಗ ಹೊರಚರ್ಮವನ್ನು ಹೋಲುವ ಕೋಶಗಳು ಅಲ್ಲಿ ಕಾಣಿಸಿಕೊಂಡವು. ಆ ಕೋಶಗಳು ಒಂಟಿಯಾಗಿ ಬೆಳೆಯಲೊಲ್ಲವು. ಒಳಚರ್ಮದ ಜಾತಿಯ ಕೋಶಗಳು ಜೊತೆಗಿದ್ದರೆ ಮಾತ್ರ ಬೆಳೆಯುತ್ತವೆ ಎಂಬುದನ್ನು ಗುರುಶಿಷ್ಯರು ಗಮನಿಸಿದರು.

ಅದುವರೆಗೆ ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಲು ಯತ್ನಿಸಿದವರಿಗೆಲ್ಲ ಒಳಚರ್ಮದ ಕೋಶಗಳೇ ಕಳೆಯಂತೆ ಹಬ್ಬಿ ಅಡ್ಡಿಪಡಿಸುತ್ತಿದ್ದವು. ಕಳೆಯನ್ನು ಪೂರ್ತಿ ತೆಗೆದರೆ ಬೆಳೆ ಏಳದು, ಬಿಟ್ಟರೆ ಬೆಳೆ ಉಳಿಯದು. ಗ್ರೀನ್ ಮತ್ತು ರೈನ್‌ವಾಲ್ಡ್ ಇದಕ್ಕೊಂದು ಯುಕ್ತಿ ಹೂಡಿದರು. ಗ್ರೀನ್ ಅವರು 1960ರ ದಶಕದ ಆರಂಭದಲ್ಲಿ ಜಾರ್ಜ್ ಟೊಡಾರೊ ಅವರೊಡನೆ ಸಿದ್ಧಪಡಿಸಿದ್ದ 3ಟಿ3 ಎಂಬ ಇಲಿಯ ಕೋಶಗಳಿಗೆ ವಿಕಿರಣವನ್ನು ಹಾಯಿಸಿ, ಅವು ಬದುಕಿದ್ದರೂ ವೃದ್ಧಿಯಾಗದಂತೆ ಮಾಡಿ, ತಟ್ಟೆಯಲ್ಲಿ ಹಾಸಿದರು. ಈ ಸಾಕುತಾಯಿ ಕೋಶಗಳ ನಡುವೆ ಮನುಷ್ಯನ ಹೊರಚರ್ಮದ ಒಂದೊಂದು ಕೋಶವೂ ಬೆಳೆದು ಗುಂಪುಗುಂಪಾಗಿ ಹರಡಿತು. 1975ರಲ್ಲಿ ಈ ವಿಧಾನ ಪ್ರಕಟವಾಯಿತು. ಗುಂಪುಗಳು ಬೆಳೆದು ಒಂದಕ್ಕೊಂದು ಸೇರಿದಾಗ ಹಾಳೆಯಂತಾಗುತ್ತಿದ್ದವು. ಆ ಹಾಳೆಯನ್ನು ಹರಿಯದಂತೆ ತಟ್ಟೆಯಿಂದ ಬಿಡಿಸುವ ಕಿಣ್ವವೊಂದನ್ನು ಬಳಸುವ ಕ್ರಮವೂ 1979ರ ವೇಳೆಗೆ ಸಿದ್ಧವಾಯಿತು. ಅಂಚೆಚೀಟಿಯಷ್ಟು ಚರ್ಮ ಕೆಲವು ವಾರಗಳಲ್ಲಿ ಸಾವಿರಾರು ಪಟ್ಟು ವಿಸ್ತಾರವಾಗುವುದು ಸಾಧ್ಯವಾಯಿತು. ಬೋಸ್ಟನ್ನಿನಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಇಬ್ಬರು ವಯಸ್ಕರಿಗೆ ಇಂತಹ ಹಾಳೆಗಳನ್ನು ಹಾಕಿದ ಮೊದಲ ವರದಿ 1981ರಲ್ಲಿ ಹೊರಬಂದಿತು.

ನಿಜವಾದ ಪರೀಕ್ಷೆ ಎದುರಾದುದು 1983ರ ಬೇಸಗೆಯಲ್ಲಿ. ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಎಂಬ ಊರಿನಲ್ಲಿ ಐದು ಮತ್ತು ಆರು ವರ್ಷದ ಸೋದರರಿಬ್ಬರು ಬಣ್ಣ ಕರಗಿಸುವ ದ್ರವಕ್ಕೆ ಬೆಂಕಿ ತಗುಲಿ ಸುಟ್ಟುಹೋದರು. ಮೈಯ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಸುಟ್ಟಿತ್ತು. ಅಂತಹ ಗಾಯದಿಂದ ಮಕ್ಕಳು ಬದುಕಿ ಉಳಿಯುವರೆಂದು ಯಾರೂ ನಂಬುವಂತಿರಲಿಲ್ಲ. ಅವರನ್ನು ಬೋಸ್ಟನ್ನಿನ ಶ್ರೈನರ್ಸ್ ಸಂಸ್ಥೆಯ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸಲಾಯಿತು. ವೈದ್ಯರು ಕಂಕುಳಲ್ಲಿ ಸುಡದೆ ಉಳಿದಿದ್ದ ತುಣುಕು ಚರ್ಮವನ್ನು ತೆಗೆದು ಗ್ರೀನ್ ಅವರ ಪ್ರಯೋಗಾಲಯಕ್ಕೆ ಕೊಟ್ಟರು. ಹಾಳೆಗಳು ಸಿದ್ಧವಾಗುವವರೆಗೆ ಕಾಯುವುದು ಹೇಗೆ? ಸುಟ್ಟ ಭಾಗಗಳನ್ನು ಕತ್ತರಿಸಿ ತೆಗೆದು, ಮೃತರಿಂದ ದಾನವಾಗಿ ಪಡೆದ ಚರ್ಮವನ್ನು ತಾತ್ಕಾಲಿಕವಾಗಿ ಹೊದಿಸಿದರು. ಪರರ ಚರ್ಮ ಕೊನೆಗೆ ಉದುರಿಹೋಗುವುದೆಂಬುದನ್ನು ಬಲ್ಲ ವೈದ್ಯರು, ಅದು ಉಳಿಯುವ ಕೆಲವು ವಾರಗಳ ಕಾಲಾವಕಾಶವನ್ನೇ ಜೀವರಕ್ಷಣೆಗೆ ಬಳಸಿಕೊಂಡರು. ಮುಂದೆ ಪ್ರಯೋಗಾಲಯದಲ್ಲಿ ಬೆಳೆದ ಹಾಳೆಗಳು ಆ ಮಕ್ಕಳ ದೇಹದ ಸುಮಾರು ಅರ್ಧಭಾಗವನ್ನು ಶಾಶ್ವತವಾಗಿ ಮುಚ್ಚಿದವು. ಇಬ್ಬರೂ ಬದುಕಿದರು. 1984ರಲ್ಲಿ ಪ್ರಕಟವಾದ ಈ ವರದಿಯನ್ನು ವೈದ್ಯಲೋಕ ಬೆರಗಿನಿಂದ ಓದಿತು.

ಬೀಜವನ್ನು ಗುರುತಿಸಿದ ಕಾಲ

ಇಲ್ಲಿಗೆ ಚರಿತ್ರೆ ಮುಗಿದಿದ್ದರೆ ಅದೊಂದು ಸರಳವಾದ ವಿಜಯಗಾಥೆಯಾಗುತ್ತಿತ್ತು. ಆದರೆ ಬೋಸ್ಟನ್ನಿನಲ್ಲಿ ಸಾಧಿಸಿದುದನ್ನು ಅನ್ಯದೇಶಗಳ ಆಸ್ಪತ್ರೆಗಳು ಅನುಸರಿಸತೊಡಗಿದಾಗ ಫಲಿತಾಂಶ ಒಂದೇ ತೆರನಾಗಿರಲಿಲ್ಲ. ಒಂದೆಡೆ ಹಾಳೆಗಳು ಚೆನ್ನಾಗಿ ಬೇರೂರಿದರೆ ಇನ್ನೊಂದೆಡೆ ಬಹುಪಾಲು ಕಳಚಿಹೋದವು. ಕೆಲವೇ ಕೋಶಗಳ ದಪ್ಪವಿರುವ ಹಾಳೆ ನಂಜಿಗೆ ಸುಲಭವಾಗಿ ತುತ್ತಾಗುತ್ತಿತ್ತು ಎಂಬುದು ಒಂದು ಕಾರಣ. ಒಳಚರ್ಮವೇ ಇಲ್ಲದ ಗಾಯದ ಮೇಲೆ ಹೊರಚರ್ಮ ಭದ್ರವಾಗಿ ನಿಲ್ಲದು ಎಂಬುದು ಮತ್ತೊಂದು. ಈ ಎರಡನೆಯ ಕೊರತೆಯನ್ನು ನೀಗಲು 1986ರಲ್ಲಿ ಚಾರ್ಲ್ಸ್ ಕ್ಯುವೊನೊ ಮತ್ತು ಸಂಗಡಿಗರು ದಾನಚರ್ಮದ ಹೊರಪದರವನ್ನು ತೆಗೆದು ಅದರ ಒಳಚರ್ಮದ ಮೇಲೆ ರೋಗಿಯ ಹಾಳೆಯನ್ನು ಹಾಕುವ ಕ್ರಮವನ್ನು ತೋರಿಸಿದರು. ಇಷ್ಟಾದರೂ ಕೆಲವು ಕಸಿಗಳು ಮೊದಲು ನಿಂತಂತೆ ಕಂಡು ತಿಂಗಳುಗಳ ಬಳಿಕ ಸವೆದುಹೋಗುತ್ತಿದ್ದುದಕ್ಕೆ ಸಮಾಧಾನ ದೊರೆತಿರಲಿಲ್ಲ.

ಅದರ ಉತ್ತರ 1987ರಲ್ಲಿಯೇ ಅರ್ಧ ಸಿದ್ಧವಾಗಿತ್ತು. ಗ್ರೀನ್ ಅವರ ಬಳಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವಿಜ್ಞಾನಿ ಯಾನ್ ಬರಾಂದೋನ್ ಹೊರಚರ್ಮದ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿ ಅವುಗಳ ಸಂತತಿಯನ್ನು ಪರೀಕ್ಷಿಸಿದರು. ನೋಟಕ್ಕೆ ಸಮಾನವಾಗಿದ್ದ ಕೋಶಗಳಲ್ಲಿ ಮೂರು ತರಗಳಿರುವುದು ಗೊತ್ತಾಯಿತು. ಅಪಾರವಾಗಿ ವೃದ್ಧಿಹೊಂದಬಲ್ಲ ಕೋಶದ ಸಂತತಿಗೆ ಹಾಲೊಕ್ಲೋನ್ ಎಂದೂ, ಹದಿನೈದು ತಲೆಮಾರಿನೊಳಗೆ ನಿಂತುಹೋಗುವ ಸಂತತಿಗೆ ಪ್ಯಾರಾಕ್ಲೋನ್ ಎಂದೂ, ಇವೆರಡರ ನಡುವಿನದಕ್ಕೆ ಮೆರೊಕ್ಲೋನ್ ಎಂದೂ ಹೆಸರಿಟ್ಟರು. ಬಿತ್ತನೆಯ ಬೀಜಕ್ಕೆ ಸಲ್ಲುವ ಗುಣ ಮೊದಲನೆಯದರಲ್ಲಿತ್ತು. ತಟ್ಟೆಯ ತುಂಬ ಕೋಶಗಳು ಹುಲುಸಾಗಿ ಬೆಳೆದಿದ್ದರೂ ಅವುಗಳಲ್ಲಿ ಹಾಲೊಕ್ಲೋನುಗಳು ನಶಿಸಿದ್ದರೆ ಅಂತಹ ಹಾಳೆ ಜೊಳ್ಳು ತುಂಬಿದ ತೆನೆಯಂತೆ. ಕಣ್ಣಿಗೆ ಸಮೃದ್ಧಿ, ಮುಂದಿನ ಬೆಳೆಗೆ ಶೂನ್ಯ. ಇಟಲಿಯ ಗ್ರಾತ್ಸಿಯೆಲ್ಲಾ ಪೆಲ್ಲೆಗ್ರಿನಿ, ಮಿಕೆಲೆ ದೆ ಲೂಕಾ ಮತ್ತು ಅವರ ಸಂಗಡಿಗರು ಸುಟ್ಟಗಾಯದ ಕಸಿಗಳಲ್ಲಿ ಆಕರಕೋಶಗಳನ್ನು ಉಳಿಸಿಕೊಳ್ಳುವುದು ಎಷ್ಟು ಅಗತ್ಯವೆಂಬುದನ್ನು 1999ರಲ್ಲಿ ತೋರಿಸಿದರು.

ಈ ಸಿದ್ಧಾಂತಕ್ಕೆ ಸ್ಪಷ್ಟವಾದ ಲೆಕ್ಕದ ಆಧಾರ ದೊರೆತುದು ಚರ್ಮದ ಸೋದರನೆನ್ನಬಹುದಾದ ಕಣ್ಣಿನ ಮೇಲ್ಪದರದಲ್ಲಿ. ಸುಣ್ಣ, ಆಮ್ಲ ಮೊದಲಾದವು ಸಿಡಿದು ಕಣ್ಣಿನ ಆಕರಕೋಶಗಳು ಸುಟ್ಟವರಿಗೆ, ಉಳಿದ ಒಳ್ಳೆಯ ಕಣ್ಣಿನ ಅಂಚಿನಿಂದ ಕೋಶಗಳನ್ನು ತೆಗೆದು ಬೆಳೆಸಿ ಕಸಿ ಮಾಡುವ ವಿಧಾನವನ್ನು ಇದೇ ಇಟಾಲಿಯನ್ ತಂಡ 1997ರಲ್ಲಿ ಪ್ರಕಟಿಸಿತ್ತು. ಹೀಗೆ ಚಿಕಿತ್ಸೆ ಪಡೆದ 112 ರೋಗಿಗಳ ವಿವರ 2010ರಲ್ಲಿ ಹೊರಬಂದಿತು. ಬೆಳೆಯಬಲ್ಲ ಕೋಶಗಳಲ್ಲಿ ಆಕರಕೋಶದ ಗುರುತುಳ್ಳವು ನೂರಕ್ಕೆ 3ಕ್ಕಿಂತ ಹೆಚ್ಚಿದ್ದ ಕಸಿಗಳು ನೂರಕ್ಕೆ 78 ಮಂದಿಯಲ್ಲಿ ಯಶಸ್ವಿಯಾದವು. ಅಷ್ಟಿಲ್ಲದಿದ್ದಲ್ಲಿ ಯಶಸ್ಸು ನೂರಕ್ಕೆ 11ಕ್ಕೆ ಇಳಿದಿತ್ತು. ಎರಡೂ ಹಾಳೆಗಳು ಬರಿಗಣ್ಣಿಗೆ ಒಂದೇ. ಈ ಚಿಕಿತ್ಸೆ 2015ರಲ್ಲಿ ಯುರೋಪಿನಲ್ಲಿ ಅಂಗೀಕೃತವಾದ ಮೊದಲನೆಯ ಆಕರಕೋಶ ಔಷಧವೆನಿಸಿತು.

ಹುಟ್ಟುರೋಗಕ್ಕೆ ಹೊಸ ಚರ್ಮ

ಸುಟ್ಟವರಿಗೆ ಚರ್ಮ ಕೊಡುವ ವಿದ್ಯೆ ಚರ್ಮವೇ ದೋಷಯುಕ್ತವಾಗಿ ಹುಟ್ಟಿದವರಿಗೂ ಉಪಯೋಗವಾಗಬಹುದೆ? ಎಪಿಡರ್ಮಾಲಿಸಿಸ್ ಬುಲ್ಲೋಸಾ ಎಂಬ ಆನುವಂಶಿಕ ರೋಗದಲ್ಲಿ ಹೊರಚರ್ಮವನ್ನು ಒಳಚರ್ಮಕ್ಕೆ ಬಿಗಿದಿಡುವ ಪ್ರೋಟೀನು ಸರಿಯಾಗಿ ತಯಾರಾಗುವುದಿಲ್ಲ. ಮಗುವನ್ನು ಎತ್ತಿಕೊಂಡರೆ ಸಾಕು, ಚರ್ಮ ಬೊಬ್ಬೆಯೆದ್ದು ಸುಲಿದುಬರುತ್ತದೆ. ಚಿಟ್ಟೆಯ ರೆಕ್ಕೆಯಷ್ಟು ನಾಜೂಕಾದ ಚರ್ಮವುಳ್ಳ ಇವರನ್ನು ಚಿಟ್ಟೆಮಕ್ಕಳು ಎಂದು ಕರೆಯುವುದುಂಟು. ದೆ ಲೂಕಾ ಅವರ ತಂಡ ಇಂತಹ ರೋಗಿಯೊಬ್ಬನ ಆಕರಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿ, ಬೆಳೆಸಿದ ಹಾಳೆಗಳನ್ನು ಅವನ ಕಾಲುಗಳ ಮೇಲೆ ಕಸಿ ಮಾಡಿ, ಆ ಭಾಗದ ಚರ್ಮ ಗಟ್ಟಿಯಾಗಿ ನಿಂತುದನ್ನು 2006ರಲ್ಲಿ ವರದಿ ಮಾಡಿತು.

2015ರಲ್ಲಿ ಇದಕ್ಕಿಂತ ಕಠಿಣವಾದ ಕರೆ ಬಂದಿತು. ಸಿರಿಯಾ ದೇಶದ ನಿರಾಶ್ರಿತ ಕುಟುಂಬದ ಏಳು ವರ್ಷದ ಬಾಲಕನೊಬ್ಬ ಜರ್ಮನಿಯ ಬೊಖುಮ್ ನಗರದ ಆಸ್ಪತ್ರೆಗೆ ದಾಖಲಾಗಿದ್ದನು. ಅದೇ ರೋಗ, ನಂಜೇರಿ ಹೊರಚರ್ಮದ ಬಹುಭಾಗ ಹೋಗಿತ್ತು. ತಂದೆ ತನ್ನ ಚರ್ಮವನ್ನು ಕೊಟ್ಟನು. ಮೆಡಾವರ್ ತೋರಿಸಿದ ನಿಯಮ ಇಲ್ಲಿಯೂ ತಪ್ಪಲಿಲ್ಲ, ಎರಡು ವಾರಗಳಲ್ಲಿ ಆ ಕಸಿ ಉದುರಿಹೋಯಿತು. ವೈದ್ಯರು ಇಟಲಿಯ ಮೊಡೆನಾದಲ್ಲಿದ್ದ ದೆ ಲೂಕಾ ಅವರ ಮೊರೆಹೊಕ್ಕರು. ಬಾಲಕನ ತೊಡೆಸಂದಿಯಲ್ಲಿ ಉಳಿದಿದ್ದ 4 ಚದರ ಸೆಂಟಿಮೀಟರ್ ಚರ್ಮದಿಂದ, ಜೀನನ್ನು ಸರಿಪಡಿಸಿ, 0.85 ಚದರ ಮೀಟರ್ ಹೊರಚರ್ಮವನ್ನು ಬೆಳೆಸಿದರು. 2015ರ ಅಕ್ಟೋಬರಿನಿಂದ 2016ರ ಜನವರಿಯವರೆಗೆ ನಡೆದ ಶಸ್ತ್ರಕ್ರಿಯೆಗಳಲ್ಲಿ ಬಾಲಕನ ಮೈಯ ಸುಮಾರು ನೂರಕ್ಕೆ 80 ಭಾಗಕ್ಕೆ ಹೊಸ ಹೊರಚರ್ಮ ಬಂದಿತು. ಅವನು ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಶಾಲೆಗೆ ಹೋದನು. ಐದು ವರ್ಷಗಳ ಬಳಿಕ 2021ರಲ್ಲಿ ಪ್ರಕಟವಾದ ವರದಿಯೂ ಕಸಿಯಾದ ಚರ್ಮ ಸ್ಥಿರವಾಗಿರುವುದನ್ನು ಹೇಳಿತು.

ಈ ಪ್ರಕರಣ ಒಂದು ಮಗುವಿನ ಜೀವವನ್ನು ಉಳಿಸಿದುದಲ್ಲದೆ ಹಳೆಯ ಪ್ರಶ್ನೆಯೊಂದಕ್ಕೆ ತೀರ್ಪನ್ನೂ ನೀಡಿತು. ಸೇರಿಸಿದ ಜೀನು ಒಂದೊಂದು ಕೋಶದ ವರ್ಣತಂತುವಿನಲ್ಲಿ ಒಂದೊಂದು ಕಡೆ ಕುಳಿತಿದ್ದುದರಿಂದ ಅದು ಮನೆತನದ ಗುರುತಿನಂತಾಯಿತು. ಯಾವ ಕೋಶದ ಸಂತತಿ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಲೆಕ್ಕಹಾಕಲು ಸಾಧ್ಯವಾಯಿತು. ಕಸಿಯಲ್ಲಿದ್ದ ಕೋಶಗಳಲ್ಲಿ ಬಹುಪಾಲು ಕೆಲವು ತಿಂಗಳು ದುಡಿದು ಮರೆಯಾಗಿದ್ದವು. ಹೊಸ ಚರ್ಮವನ್ನೆಲ್ಲ ಹೊತ್ತು ನಿಂತಿದ್ದುದು ಹಾಲೊಕ್ಲೋನುಗಳ ಸಣ್ಣ ಪಾಲು ಮಾತ್ರ. ಗ್ರೀನ್ ಅವರು 2015ರ ಅಕ್ಟೋಬರಿನಲ್ಲಿ, ಈ ಬಾಲಕನ ಚಿಕಿತ್ಸೆ ಆರಂಭವಾದ ತಿಂಗಳಿನಲ್ಲಿಯೇ ನಿಧನರಾಗಿದ್ದರು. ಅವರ ಪ್ರಯೋಗಾಲಯ ಬೇರ್ಪಡಿಸಿದ ಬೀಜ-ಜೊಳ್ಳುಗಳ ಭೇದ ಮನುಷ್ಯನ ಮೈಮೇಲೆಯೇ ಹೀಗೆ ಸಿದ್ಧವಾಯಿತು.

ಇದೇ ರೋಗದ ಮತ್ತೊಂದು ಪ್ರಭೇದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇಂತಹ ಹಾಳೆಯ ಚಿಕಿತ್ಸೆಗೆ 2025ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರ ಅನುಮತಿ ನೀಡಿತು. 11 ರೋಗಿಗಳ 43 ಜೋಡಿ ಗಾಯಗಳನ್ನು ಹೋಲಿಸಿದಾಗ, ಹಾಳೆ ಹಾಕಿದ ಗಾಯಗಳಲ್ಲಿ ನೂರಕ್ಕೆ 81 ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಾಯ್ದಿದ್ದವು. ಹಾಕದವುಗಳಲ್ಲಿ ನೂರಕ್ಕೆ 16 ಮಾತ್ರ. ಫಲ ಉತ್ತಮವೇ. ಆದರೆ ಅದರ ಬೆಲೆಯನ್ನು ಸುಮಾರು 31 ಲಕ್ಷ ಡಾಲರುಗಳೆಂದು ನಿಗದಿಪಡಿಸಲಾಯಿತು. ಬಡವನ ಮಗುವಿಗೆ ಇದು ಕೈಗೆಟುಕುವ ಬಗೆ ಯಾವುದೆಂಬ ಪ್ರಶ್ನೆಗೆ ವಿಜ್ಞಾನವೊಂದೇ ಉತ್ತರ ಕೊಡಲಾರದು. ಸಮಾಜವೂ ಸರ್ಕಾರಗಳೂ ಕೊಡಬೇಕಾಗಿದೆ.

ನಾವು ಅರಿಯಬೇಕಾದುದು

ನಮ್ಮ ನಾಡಿನಲ್ಲಿ ಚರ್ಮರೋಗವೆಂದೊಡನೆ ನೆನಪಾಗುವುದು ತೊನ್ನು. ಇದು ಅಂಟುರೋಗವಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಇದರ ದೆಸೆಯಿಂದ ಎಷ್ಟೋ ಮದುವೆಗಳು ಮುರಿದಿವೆ, ಎಷ್ಟೋ ಜನ ಪಂಕ್ತಿಯಿಂದ ದೂರ ಕುಳಿತಿದ್ದಾರೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಾಗಿ ಕೊಲ್ಲುವುದು ಇದರ ಕಾರಣ. ಬಣ್ಣದ ಕೋಶಗಳಿಗೂ ಆಕರಕೋಶಗಳುಂಟು. ಅವು ಕೂದಲಿನ ಬುಡದಲ್ಲಿ ಅಡಗಿರುತ್ತವೆ. ಬಾವಂಚಿ ಬೀಜವನ್ನು ಬಳಸಿ ಬಿಸಿಲಿಗೆ ಒಡ್ಡುತ್ತಿದ್ದ ಪ್ರಾಚೀನ ಕ್ರಮದಲ್ಲಿಯೂ ಇಂದಿನ ಆಸ್ಪತ್ರೆಗಳ ಬೆಳಕಿನ ಚಿಕಿತ್ಸೆಯಲ್ಲಿಯೂ ಬಿಳಿಯ ಮಚ್ಚೆಯ ನಡುವೆ, ಕೂದಲಿನ ಸುತ್ತ, ಚುಕ್ಕೆಚುಕ್ಕೆಯಾಗಿ ಬಣ್ಣ ಮರಳುವುದಕ್ಕೆ ಇದೇ ಕಾರಣ. ಹರಡದೆ ನಿಂತಿರುವ ಮಚ್ಚೆಗಳಿಗೆ ರೋಗಿಯದೇ ಚರ್ಮದಿಂದ ಕೋಶಗಳನ್ನು ಬಿಡಿಸಿ ಹಚ್ಚುವ ಶಸ್ತ್ರಕ್ರಮವನ್ನು 1992ರಲ್ಲಿ ಫ್ರಾನ್ಸಿನ ಗೋತಿಯೆ ವಿವರಿಸಿದ ಮೇಲೆ ಅದು ಭಾರತದಲ್ಲಿಯೂ ಬಳಕೆಗೆ ಬಂದಿದೆ. ಆದರೆ ರೋಗ ಹರಡುತ್ತಿರುವಾಗ ಇದು ನಿಲ್ಲದು. ಹೊಸ ಮಚ್ಚೆಗಳು ಏಳುವುದನ್ನು ಇದು ತಡೆಯಲಾರದು.

ಇಷ್ಟನ್ನು ಅರಿತವರಿಗೆ ‘ಸ್ಟೆಮ್ ಸೆಲ್’ ಎಂಬ ಹೆಸರು ಹೊತ್ತ ಮುಲಾಮು, ಚುಚ್ಚುಮದ್ದುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೇಬಿನ ಗಿಡದ ಕೋಶಗಳ ಸಾರವನ್ನು ಡಬ್ಬಿಯಲ್ಲಿ ತುಂಬಿ ಮಾರಿದರೆ ಅದರಿಂದ ಮನುಷ್ಯನ ಚರ್ಮ ಹುಟ್ಟುವುದಿಲ್ಲ. ಜೀವಂತ ಕೋಶಗಳ ಹಾಳೆಯಲ್ಲಿಯೇ ಆಕರಕೋಶಗಳ ಪಾಲು ಕುಸಿದರೆ ಚಿಕಿತ್ಸೆ ವಿಫಲವಾಗುತ್ತದೆಂಬುದನ್ನು ಮೇಲಿನ ಚರಿತ್ರೆ ತೋರಿಸಿದೆ. ಜೀವವೇ ಇಲ್ಲದ ಸಾರದ ಮಾತೇನು? 2017ರ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯು ರಕ್ತಕ್ಕೆ ಸಂಬಂಧಿಸಿದ ಅಂಗೀಕೃತ ರೋಗಗಳನ್ನು ಬಿಟ್ಟು ಉಳಿದೆಲ್ಲ ಆಕರಕೋಶ ಬಳಕೆಯನ್ನು ಪ್ರಯೋಗದ ಹಂತದ್ದೆಂದೇ ಪರಿಗಣಿಸಿತು. ಹೊಲವನ್ನೋ ಒಡವೆಯನ್ನೋ ಒತ್ತೆಯಿಟ್ಟು ಇಂತಹ ಚಿಕಿತ್ಸೆಗೆ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಕೋಶಗಳು ಯಾರವು? ಅವು ಜೀವಂತವಾಗಿವೆಯೆ? ಅವು ನಿಂತುದನ್ನು ವರ್ಷಗಳ ಕಾಲ ನೋಡಿ ಪ್ರಕಟಿಸಿದವರು ಯಾರು? ಈ ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ವೈದ್ಯರಾಗಿರುವ ಬಂಧುಗಳು ತಮ್ಮ ಊರವರಿಗೆ ಇದನ್ನು ತಿಳಿಯಹೇಳಿದರೆ ಅದು ದೊಡ್ಡ ಉಪಕಾರವಾಗುತ್ತದೆ.

ಇನ್ನೊಂದು ಕಾರ್ಯವನ್ನು ಮಾಡಲು ವೈದ್ಯರೇ ಆಗಬೇಕಾಗಿಲ್ಲ. ಬೋಸ್ಟನ್ನಿನ ಆ ಸೋದರರು ತಮ್ಮ ಸ್ವಂತ ಚರ್ಮ ಬೆಳೆದು ಸಿದ್ಧವಾಗುವವರೆಗೆ ಬದುಕಿದ್ದುದು ಮೃತರ ದಾನಚರ್ಮದ ಆಸರೆಯಿಂದ. ಕೋಶಗಳ ಹಾಳೆ ದುರ್ಲಭವಾಗಿರುವ ನಮ್ಮಲ್ಲಿ ದಾನಚರ್ಮದ ಅಗತ್ಯ ಇನ್ನೂ ಹೆಚ್ಚು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿಯಿದೆ. ಮರಣಾನಂತರ ಕೆಲವು ಗಂಟೆಗಳೊಳಗೆ ತೊಡೆ, ಬೆನ್ನುಗಳಿಂದ ತೆಳುವಾದ ಪದರವನ್ನಷ್ಟೇ ತೆಗೆಯುತ್ತಾರೆ; ದೇಹ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ, ರಕ್ತದ ಗುಂಪು ಹೊಂದಬೇಕೆಂಬ ನಿರ್ಬಂಧವೂ ಇಲ್ಲ. ನೇತ್ರದಾನಕ್ಕೆ ಒಪ್ಪಿಗೆ ಬರೆದುಕೊಟ್ಟಿರುವ ಮನೆಗಳು ಚರ್ಮದಾನಕ್ಕೂ ಒಪ್ಪಿಗೆ ನೀಡಿದರೆ, ಸುಟ್ಟಗಾಯದಿಂದ ನರಳುತ್ತಿರುವ ಅಪರಿಚಿತರೊಬ್ಬರಿಗೆ ಬದುಕಲು ಬೇಕಾದ ಆ ಕೆಲವು ವಾರಗಳು ದೊರೆಯುತ್ತವೆ.